ಟವೆಲ್ ಹಾಕಿದ ಸೀಟು

ನಮ್ಮ ಚಿಕ್ಕಪ್ಪನಿಗೆ ಟವೆಲ್ ಇರುವುದು ಒರೆಸಿಕೊಳ್ಳುವುದಕ್ಕೆ ಎಂಬ ವಿಷಯ ಅರವತ್ತು ದಾಟಿ ಎಷ್ಟೋ ವರ್ಷವಾದರೂ ಗೊತ್ತಿರಲಿಲ್ಲ! ಸ್ನಾನ ಮಾಡಿ ಬಂದರೆ ಪಂಚೆಯ ತುದಿಯಲ್ಲೇ ಮುಖ ಒರೆಸಿಕೊಳ್ಳುತ್ತಿದ್ದ. ಟವೆಲ್ ಏನಿದ್ದರೂ ಸೀಟು ಹಿಡಿಯುವುದಕ್ಕೆ. ಅದಕ್ಕೆ ಬೇರೆ ಉಪಯೋಗವೂ ಉಂಟು ಎಂದು ಯಾರಾದರೂ ಹೇಳಿದರೆ, ದೇವರ ಗಂಟೆಯಲ್ಲಿ ತೆಂಗಿನಕಾಯಿ ಒಡೆಯಲು ಹೊರಟವರನ್ನು ನೋಡುವ ಹಾಗೆ ನೋಡುತ್ತಿದ್ದ.

ತಪ್ಪು ಅವನದಲ್ಲ ಬಿಡಿ. ಪಾವಗಡದಿಂದ ಹೊರಟು ಮಧುಗಿರಿ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಕಂಡಕ್ಟರ್ ಆಗಿದ್ದವನು. ನಮ್ಮ ಕಡೆ ಬಸ್ಸಿನ ಸೀಟಿಗೆ ಇರುವ ಕಾನೂನು ಒಂದೇ. ಕಿಟಕಿಯಿಂದ ಟವೆಲ್ ಒಳಗೆ ಬಿತ್ತೋ, ಸೀಟು ಅವರದು. ಆಮೇಲೆ ಎಂಥ ದೊಡ್ಡ ಮನುಷ್ಯ ಬಂದು ಕೂತಿದ್ದರೂ ಎಬ್ಬಿಸಬಹುದು. ನಾನು ಗುಮಾಸ್ತೆಯಾಗಿರುವ ಕೋರ್ಟಿನಲ್ಲಿ ಅಪ್ಪ ಹೂಡಿದ ಜಮೀನಿನ ದಾವೆಗೆ ಮಗ ಬಂದು ಕೈಕಟ್ಟಿ ನಿಲ್ಲುವುದನ್ನು ಕಂಡಿದ್ದೇನೆ. ಟವೆಲ್ ಹಾಕಿದ ಸೀಟಿನ ದಾವೆ ಮಾತ್ರ ಮುಂದಿನ ಸ್ಟಾಪಿನೊಳಗೆ ಇತ್ಯರ್ಥ!

ಇಂಥವನು ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಸುಮ್ಮನೆ ಕೂತಾನೆಯೇ? ಮಧುಗಿರಿಯಲ್ಲಿ ಒಂದು ರಾತ್ರಿ ಶಾಲೆ ತೆರೆದುಬಿಟ್ಟ. ಹತ್ತನೇ ತರಗತಿಯಲ್ಲಿ ಫೇಲಾದವರು, ಅರ್ಧಕ್ಕೆ ಬಿಟ್ಟವರು, ಮದುವೆಯಾಗಿ ಹೋದವರು, ಇವರನ್ನೆಲ್ಲ ಕೂಡಿಹಾಕಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿಸುವುದು. ಒಂದು ಪ್ರೈಮರಿ ಶಾಲೆಯವರನ್ನು ಕಾಡಿ ಬೇಡಿ ಸಂಜೆ ಏಳರಿಂದ ಒಂಬತ್ತರವರೆಗೆ ಒಂದು ಕೊಠಡಿ ಇಸಿದುಕೊಂಡ. ಪುಟ್ಟ ಮಕ್ಕಳ ಡೆಸ್ಕುಗಳು. ಗಾರೆ ಕೆಲಸದ ಗಂಡಾಳುಗಳು ಅದರೊಳಗೆ ಕಾಲು ತೂರಿಸಿ ಕೂತರೆ ಎಬ್ಬಿಸಲು ಇಬ್ಬರು ಎಳೆಯಬೇಕಿತ್ತು. ಬೇಸಿಗೆಯಲ್ಲಂತೂ ಊರ ಬೆನ್ನಿಗಿರುವ ಬೆಟ್ಟದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ತಂದು ನಮ್ಮ ಕೊಠಡಿಗೇ ಸುರಿಯುತ್ತಿತ್ತು.

ಗಣಿತ, ವಿಜ್ಞಾನ, ಸಮಾಜಗಳಿಗೆ ಅವನೇ ಮೇಷ್ಟ್ರು. ಕನ್ನಡಕ್ಕೆ ಒಬ್ಬರು ನಿವೃತ್ತ ಪಂಡಿತರು ಬರುತ್ತಿದ್ದರು. ಇಂಗ್ಲಿಷಿಗೆ ನಾನು. ನಾನೇನೂ ಒಪ್ಪಿಕೊಂಡಿರಲಿಲ್ಲ! ಒಂದು ಸಂಜೆ ಕೋರ್ಟಿನಿಂದ ಮನೆಗೆ ಹೋಗುವಾಗ ದಾರಿಗಡ್ಡ ನಿಂತು, "ಹತ್ತಮ್ಮ ಹತ್ತು, ಟೈಮಾಯ್ತು" ಎಂದ. ಹತ್ತಿದೆ. ನಾಲ್ಕು ವರ್ಷವಾಯಿತು, ಇಳಿಯಲು ಬಿಟ್ಟಿಲ್ಲ.

ಅವನ ಪಾಠ ಕೇಳಬೇಕು ನೀವು. ಸರಿಯಾಗಿ ಏಳು ಗಂಟೆಗೆ ಜೇಬಿನಿಂದ ಸೀಟಿ ತೆಗೆದು ಊದಿ "ರೈಟ್!" ಎನ್ನುತ್ತಿದ್ದ. ಹಿಂದಿನ ಬೆಂಚಿನಲ್ಲಿ ಯಾರಾದರೂ ಅವಿತು ಕೂತರೆ, "ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ, ಮುಂದೆ ಎಲ್ಲಾ ಖಾಲಿ ಐತೆ." ಬೀಜಗಣಿತ ಎಂದರೆ ನಾನು ಹೈಸ್ಕೂಲಿನಲ್ಲಿ ಜ್ವರ ಬರಿಸಿಕೊಂಡು ಮಲಗುತ್ತಿದ್ದವಳು. ಇವನು ಅದನ್ನು ಒಂದೇ ದಿನದಲ್ಲಿ ಮುಗಿಸಿದ.

"ಎಕ್ಸು ಅಂದ್ರೆ ಯಾರು?" ಎಂದು ಬೋರ್ಡಿಗೆ ಚಾಕ್‌ಪೀಸಿನಿಂದ ಕುಟ್ಟಿ ಕೇಳಿದ.

ಶಿರಾ ಕಡೆಯಿಂದ ಬಂದು ಇಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ಇಮ್ತಿಯಾಜ್ ಮೆಲ್ಲಗೆ, "ಕ್ಯಾ ಮಾಲೂಮ್ ಸಾರ್, ನಮ್ ಏರಿಯಾದೋರಲ್ಲ" ಎಂದ.

"ಟಿಕೆಟ್ ತಗಳ್ದೆ ಹಿಂದೆ ಅವಿತ್ಕಂಡಿರೋ ಪ್ಯಾಸೆಂಜರ್ ಕಣ್ಲಾ! ಹತ್ತಿದೋರು ಎಷ್ಟು, ಇಳಿದೋರು ಎಷ್ಟು, ಒಳಗೆ ತಲೆ ಎಷ್ಟು? ಎಲ್ಲಾನೂ ಒಂದು ಕಡೆ ತಂದು ಲೆಕ್ಕ ಹಾಕು. ಕಳ್ಳ ತಾನಾಗೇ ಸಿಗ್ತಾನೆ."

ಸಿಕ್ಕಿದ! ಆ ವರ್ಷ ಇಮ್ತಿಯಾಜ್ ಇಂಗ್ಲಿಷಿನಲ್ಲಿ ಹೋದರೂ ಗಣಿತದಲ್ಲಿ ಪಾಸಾದ. ಇಂಗ್ಲಿಷಿನ ಮೇಷ್ಟ್ರು ಯಾರು ಎಂದು ಮತ್ತೆ ನೆನಪಿಸಬೇಡಿ.

ಈಗ ಟವೆಲ್ ವಿಷಯಕ್ಕೆ ಬರುತ್ತೇನೆ. ರಾತ್ರಿ ಶಾಲೆಗೆ ಜನ ಹತ್ತುವುದು ಸುಲಭ, ಉಳಿಯುವುದು ಕಷ್ಟ. ಒಬ್ಬಳಿಗೆ ಗಾರ್ಮೆಂಟ್ಸಿನಲ್ಲಿ ಓವರ್‌ಟೈಮು, ಒಬ್ಬನಿಗೆ ಹೊಸ ಸೈಟಿನ ಕೆಲಸ, ಇನ್ನೊಬ್ಬನಿಗೆ ಸುಮ್ಮನೆ ನಾಚಿಕೆ. ಬೇರೆ ಮೇಷ್ಟ್ರಾದರೆ ಹೆಸರು ಹೊಡೆದುಹಾಕುತ್ತಿದ್ದರು. ಚಿಕ್ಕಪ್ಪ ಅವರು ಕೂರುತ್ತಿದ್ದ ಜಾಗಕ್ಕೆ ಒಂದು ಟವೆಲ್ ಹಾಕುತ್ತಿದ್ದ. ಅಷ್ಟೆ! ಆ ಸೀಟು ಅವರದು. ವರ್ಷವಾದರೂ ಬೇರೆಯವರು ಕೂರುವಂತಿಲ್ಲ. ಟವೆಲ್ಲಿಗೆ ಬರಗಾಲವೇ? ಕೆಲಸ ಬಿಡುವಾಗಿನ ಸನ್ಮಾನದಲ್ಲಿ ಬಂದವು, ಬೀಗರ ಮನೆಯ ಮದುವೆಗಳಲ್ಲಿ ಕೊಟ್ಟವು, ಎಲ್ಲವೂ ಶಾಲೆಗೆ ಹೋದವು. ಚಿಕ್ಕಪ್ಪನ ಮನೆಗೆ ನೆಂಟರು ಬಂದರೆ ಸ್ನಾನ ಮಾಡಿ ದಿಂಬಿನ ಕವರಿನಲ್ಲಿ ತಲೆ ಒರೆಸಿಕೊಳ್ಳಬೇಕಾಗಿತ್ತು. ನಾನು ಒರೆಸಿಕೊಂಡಿದ್ದೇನೆ, ಕೂದಲಿಗೆಲ್ಲ ಹತ್ತಿ.

ಒಂದು ಸಲ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ನೋಡಲು ಬಂದರು. ಕೊಠಡಿಯ ತುಂಬ ಟವೆಲ್, ನಡುನಡುವೆ ಅಲ್ಲೊಂದು ಇಲ್ಲೊಂದು ತಲೆ. ಸಾಹೇಬರು ಸುಸ್ತಾಗಿ ಒಂದು ಟವೆಲ್ ಸರಿಸಿ ಕೂರಲು ಹೋದರು.

"ಸಾರ್, ಸಾರ್! ಅದು ಹಿಡಿದಿರೋ ಸೀಟು. ಹಿಂದಕ್ಕೆ ಬನ್ನಿ."

ಸಾಹೇಬರು ಗಾಬರಿಯಾಗಿ ಎದ್ದು ನಿಂತರು. "ನಿಮ್ಮ ಪಟ್ಟಿಯಲ್ಲಿ ಇಪ್ಪತ್ತಾರು ಜನ ಇದ್ದಾರೆ. ಇಲ್ಲಿ ಒಂಬತ್ತೇ ಜನ ಕಾಣ್ತಾರಲ್ರೀ?"

"ಒಂಬತ್ತು ಜನ ಹತ್ತವ್ರೆ ಸಾರ್. ಹದಿನೇಳು ಜನ ಹತ್ತಬೇಕು. ಬಸ್ಸು ಇನ್ನೂ ಸ್ಟ್ಯಾಂಡಲ್ಲೇ ಐತೆ."

ಸಾಹೇಬರು ಏನು ಬರೆದುಕೊಂಡು ಹೋದರೋ ನನಗೆ ಗೊತ್ತಿಲ್ಲ. ಮತ್ತೆ ಬರಲಿಲ್ಲ, ಶಾಲೆ ಮುಚ್ಚಿ ಎಂದೂ ಹೇಳಲಿಲ್ಲ.

ಟವೆಲ್ ಹಾಕಿ ಕೈಕಟ್ಟಿ ಕೂರುವವನೂ ಅಲ್ಲ ಇವನು. ಗಂಗರತ್ನ ಎಂಬ ಗಾರ್ಮೆಂಟ್ಸಿನ ಹುಡುಗಿಯನ್ನು ಅವಳ ಅತ್ತೆ ಬಿಡಿಸಿದಾಗ, ಟವೆಲ್ ಹೆಗಲಿಗೆ ಹಾಕಿಕೊಂಡು ನೇರ ಅವರ ಮನೆಗೇ ಹೋದ. ನನ್ನನ್ನೂ ಎಳೆದುಕೊಂಡು ಹೋದ, ಏಟು ಬಿದ್ದರೆ ಹಂಚಿಕೊಳ್ಳಲು ಇರಲಿ ಅಂತಲೋ ಏನೋ! ಅತ್ತೆ ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದರು.

"ಸೊಸೆ ಓದಿ ಏನು ಅಮಲ್ದಾರ್ತಿ ಆಗ್ಬೇಕಾ? ಕಳ್ಸಲ್ಲ ಹೋಗಯ್ಯ" ಎಂದರು.

"ಆಯ್ತು ಕಣಕ್ಕ, ಬಲವಂತ ಇಲ್ಲ. ಆದ್ರೆ ಸೀಟು ಹಿಡಿದ್ಬುಟ್ಟಿದೀನಿ. ಖಾಲಿ ಸೀಟು ಓಡ್ಸೋ ಅಭ್ಯಾಸ ನಂಗಿಲ್ಲ. ಅವ್ಳ ಬದ್ಲು ನೀವೇ ಬಂದ್ಬುಡಿ. ನಾಳೆ ತ್ರಿಕೋನಮಿತಿ ಐತೆ."

ಮಾರನೇ ದಿನ ಏಳಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಸೊಸೆ ಹಾಜರ್! ಅತ್ತೆಯೇ ಬಾಗಿಲವರೆಗೂ ಬಂದು ಬಿಟ್ಟು, ಒಳಗೆ ಇಣುಕದೆ, ಹಿಂದೆ ತಿರುಗಿ ನೋಡದೆ ಹೋದರಂತೆ.

ಇಷ್ಟೆಲ್ಲ ಜನರನ್ನು ಹತ್ತಿಸಿದವನಿಗೆ ಹತ್ತಿಸಲಾಗದಿದ್ದ ಪ್ಯಾಸೆಂಜರ್ ಒಬ್ಬಳೇ. ನಮ್ಮ ಚಿಕ್ಕಮ್ಮ.

ಮೊದಲ ಬೆಂಚು, ಕಿಟಕಿ ಪಕ್ಕದ ಸೀಟು. ಶಾಲೆ ತೆರೆದ ದಿನ ಎಲ್ಲಕ್ಕಿಂತ ಮೊದಲು ಬಿದ್ದ ಟವೆಲ್ ಅದು. ನೀಲಿ ಅಂಚಿನದು, ಬಹಳ ಹಳೆಯದು. ಅದು ಚಿಕ್ಕಮ್ಮನ ಸೀಟು ಎಂದು ಇಡೀ ಕ್ಲಾಸಿಗೆ ಗೊತ್ತು, ಚಿಕ್ಕಮ್ಮನಿಗೂ ಗೊತ್ತು. ಅವಳದು ಪಾವಗಡದ ಕಡೆಯ ಊರು, ರೇಗಿದರೆ ಬಾಯಿಗೆ ತೆಲುಗೇ ಬರುವುದು. ಚಿಕ್ಕಪ್ಪ ದಿನಾ ಹೊರಡುವಾಗ "ಬರ್ತೀಯೇನೇ?" ಎನ್ನುವುದು, ಅವಳು ಒಲೆಯ ಮುಂದಿನಿಂದಲೇ "ನಾಕೊದ್ದು ಸ್ವಾಮಿ, ನಂಗ್ ಬೇಡ! ಅಜ್ಜಿ ಆಗೋ ವಯಸ್ಸಲ್ಲಿ ಸ್ಲೇಟು ಹಿಡ್ಕಂಡು ಹೋಗ್ಲಾ? ಬೀದಿ ಜನ ನಗಲ್ವಾ?" ಎನ್ನುವುದು. ಮೂರು ವರ್ಷ ಇದೇ ಮಾತು, ಇದೇ ಉತ್ತರ.

ಹೊಸದಾಗಿ ಸೇರಿದವರು ಕೂರಲು ಜಾಗವಿಲ್ಲದೆ ನೆಲದಲ್ಲಿ ಕೂತ ಒಂದು ದಿನ ನನಗೆ ರೇಗಿತು. "ಚಿಕ್ಕಪ್ಪ, ಬರದೇ ಇರೋರಿಗೆ ಮೊದಲನೇ ಬೆಂಚು ಯಾಕೆ? ಅದೂ ಕಿಟಕಿ ಪಕ್ಕ?"

"ಅವ್ಳಿಗೆ ಒಳಗಡೆ ಸೀಟು ಆಗಲ್ಲ ಕಣಮ್ಮ. ವಾಂತಿ ಬತ್ತದೆ."

ನಾನು ನಕ್ಕೆ. ಅವನು ನಗಲಿಲ್ಲ. ಬೋರ್ಡು ಒರೆಸುತ್ತ, ನನ್ನ ಕಡೆ ತಿರುಗದೆ ಹೇಳಿದ. ಚಿಕ್ಕಮ್ಮ ಗಣಿತ ಒಂದರಲ್ಲಿ ಹೋಗಿ, ಮತ್ತೆ ಕಟ್ಟಲು ಮಧುಗಿರಿಗೆ ಟ್ಯೂಷನ್ನಿಗೆ ಬರುತ್ತಿದ್ದದ್ದು ಇವನ ಬಸ್ಸಿನಲ್ಲೇ. ಪಾವಗಡ ದಾಟಿ ಎರಡನೇ ಸ್ಟಾಪಿನಲ್ಲಿ ಹತ್ತುತ್ತಿದ್ದ ಆ ಹುಡುಗಿಗೆ ದಿನಾ ಕಿಟಕಿ ಪಕ್ಕದ ಸೀಟಿಗೆ ಈ ನೀಲಿ ಅಂಚಿನ ಟವೆಲ್ ಹಾಕಿಕೊಂಡು ಬರುತ್ತಿದ್ದ. ಆಮೇಲೆ ಹಿರಿಯರು ಮಾತಾಡಿ ಮದುವೆ ಗೊತ್ತು ಮಾಡಿದರು. ಮುಹೂರ್ತ ಬಿದ್ದದ್ದು ಗಣಿತದ ಪರೀಕ್ಷೆಯ ದಿನ! ಅವಳು ಪೇಪರಿನ ಮುಂದೆ ಕೂರಬೇಕಾದ ಹೊತ್ತಿಗೆ ಹಸೆಮಣೆಯ ಮೇಲೆ ಕೂತಿದ್ದಳು.

"ಹಾಲ್ ಟಿಕೆಟ್ ಬಂದಿತ್ತು ಕಣಮ್ಮ. ದಿನ ಮುಂದಕ್ಕಾಕಿ ಅನ್ನಕ್ಕೆ ನಂಗೆ ಬಾಯಿ ಬರ್ಲಿಲ್ಲ, ಮದ್ವೆ ಖುಷೀಲಿದ್ದೆ. ಅಷ್ಟು ವರ್ಷದ ಸರ್ವೀಸಲ್ಲಿ ಟಿಕೆಟ್ ಇದ್ದ ಪ್ಯಾಸೆಂಜರ್ನ ಅರ್ಧ ದಾರೀಲಿ ಇಳಿಸಿದ್ದು ಅದೊಂದೇ ಸಲ."

ಆವತ್ತಿನಿಂದ ಆ ಟವೆಲ್ ಬಗ್ಗೆ ನಾನು ತುಟಿ ಎರಡು ಮಾಡಲಿಲ್ಲ.

ಕಳೆದ ವರ್ಷ ದಸರಾ ಕಳೆದ ಮೇಲೆ, ಪಾಠ ಮಾಡುತ್ತಿದ್ದವನು ಎದೆ ಹಿಡಿದುಕೊಂಡು ಕುರ್ಚಿಗೆ ಕುಸಿದ. "ಏನಿಲ್ಲ, ಗ್ಯಾಸು" ಎಂದ. ನಮ್ಮ ಕಡೆ ಎದೆನೋವಿಗೆ ಇರುವ ಹೆಸರೇ ಅದು. ಇಮ್ತಿಯಾಜ್ ಓಡಿಹೋಗಿ ಆಂಬುಲೆನ್ಸ್ ಕರೆಸಿದ. ತುಮಕೂರಿನವರೆಗೂ ನಾನು ಜೊತೆಗಿದ್ದೆ. ಕಣ್ಣು ಮುಚ್ಚಿ ಮಲಗಿದ್ದವನು ರಸ್ತೆಯ ಕುಲುಕಾಟದಲ್ಲೇ ಊರು ಗುರುತು ಹಿಡಿದು, "ಕೊರಟಗೆರೆ ಬಂತು. ಡ್ರೈವರಿಗೆ ಹೇಳು, ಮುಂದೆ ಹಂಪ್ ಐತೆ" ಎನ್ನುತ್ತಿದ್ದ! ಆಸ್ಪತ್ರೆಯ ಬಾಗಿಲಲ್ಲಿ ನನ್ನ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ಸೀಟು ನೋಡ್ಕಳಮ್ಮ."

ಸ್ಟೆಂಟ್ ಹಾಕಿದರು. ಜೀವಕ್ಕೆ ಅಪಾಯವಿಲ್ಲ ಎಂದರು. ಜೊತೆಗೆ ಒಬ್ಬರೇ ಇರಬೇಕು ಎಂದದ್ದಕ್ಕೆ ಸುದ್ದಿ ತಿಳಿದು ಬಂದಿದ್ದ ಅವರ ಮಗ ಅಲ್ಲಿ ಉಳಿದು, ಚಿಕ್ಕಮ್ಮನನ್ನು ಮನೆಗೆ ಕಳಿಸಿದ. ಮೇಷ್ಟ್ರಿಲ್ಲದ ಶಾಲೆ ಎಷ್ಟು ದಿನ ನಡೆದೀತು? ಮೂರನೇ ದಿನ ಸಂಜೆ, "ಮುಂದಿನ ಸೂಚನೆಯವರೆಗೆ ತರಗತಿ ಇಲ್ಲ" ಎಂದು ಬರೆದ ಕಾಗದ, ಗೋಂದು ಹಿಡಿದುಕೊಂಡು ಹೋದೆ. ನೋಡಿದರೆ ಕೊಠಡಿಯಲ್ಲಿ ದೀಪ!

ಒಳಗೆ ಚಿಕ್ಕಮ್ಮ ಬಕೆಟ್ ಹಿಡಿದು ನಿಂತಿದ್ದಳು. ಬೆಂಚಿನಿಂದ ಬೆಂಚಿಗೆ ಹೋಗಿ ಟವೆಲ್ ಎತ್ತಿ ಬಕೆಟ್ಟಿಗೆ ತುಂಬುತ್ತಿದ್ದಳು. ಗಂಗರತ್ನ, ಇಮ್ತಿಯಾಜ್ ಎಲ್ಲ ಅವಳ ಹಿಂದೆ ಹಿಂದೆ.

"ಅಮ್ಮಾ, ತೆಗೀಬೇಡಿ ಅಮ್ಮಾ, ಸಾರ್ ಬಯ್ತಾರೆ!"

"ಬಯ್ಲಿ. ಮೂರು ವರ್ಷದಿಂದ ನೀರು ಕಂಡಿಲ್ಲ ಇವು. ಒಗೆದು ನಾಳೆ ಇಲ್ಲೇ ಹಾಕ್ತೀನಿ, ಯಾರ ಸೀಟೂ ಎಲ್ಲೂ ಹೋಗಲ್ಲ" ಎಂದು ಗದರಿದಳು.

ಕೊನೆಗೆ ಕಿಟಕಿ ಪಕ್ಕದ ಸೀಟಿಗೆ ಬಂದಳು. ನೀಲಿ ಅಂಚಿನ ಟವೆಲ್ ಎತ್ತಿದಳು. ಅದನ್ನು ಬಕೆಟ್ಟಿಗೆ ಹಾಕಲಿಲ್ಲ. ಆಮೇಲೆ ಚಿಕ್ಕಪ್ಪ ಕುಸಿದಿದ್ದ ಆ ಕುರ್ಚಿಯ ಹತ್ತಿರ ಹೋಗಿ, ಟವೆಲ್ ಕೊಡವಿ, ಕುರ್ಚಿಯ ಮೇಲೆ ಅಗಲವಾಗಿ ಹಾಸಿದಳು. ವಾಪಸು ಬಂದು ಕಿಟಕಿ ಪಕ್ಕ ಕೂತಳು.

ಚಿಕ್ಕಮ್ಮ ಸೆರಗಿನಲ್ಲಿ ಡೆಸ್ಕಿನ ಧೂಳು ಒರೆಸುತ್ತ ನನ್ನನ್ನು ನೋಡಿ, "ಏನಮ್ಮ ಅಂಗೆ ನಿಂತ್ಬುಟ್ಟೆ? ಇಂಗ್ಲಿಷ್ ಶುರು ಮಾಡು" ಎಂದಳು. ನಾನು ಆ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿದೆ. ಆವತ್ತು ನನ್ನ ಪಾಠದಲ್ಲಿ ಎಷ್ಟು ತಪ್ಪಿದವೋ ದೇವರಿಗೇ ಗೊತ್ತು, ಕಣ್ಣಿಗೆ ಅಕ್ಷರವೇ ಕಾಣುತ್ತಿರಲಿಲ್ಲ.

ಚಿಕ್ಕಪ್ಪ ಮನೆಗೆ ಬಂದ ಮೇಲೂ ಗುಟ್ಟು ಒಡೆಯಲಿಲ್ಲ. ಸಂಜೆಯಾದರೆ ಇವಳು "ಭಜನೆಗೆ ಹೋಗ್ಬತ್ತೀನಿ" ಎಂದು ಹೊರಡುತ್ತಿದ್ದಳು. ಭಜನೆಗೆ ಹೋಗುವವರ ಚೀಲದಲ್ಲಿ ಜಾಮಿಟ್ರಿ ಬಾಕ್ಸು ಗಲಗಲ ಎನ್ನುವುದನ್ನು ಅವನು ತಾಳ ಎಂದುಕೊಂಡನೋ ಏನೋ! ಗಣಿತವನ್ನು ಇಮ್ತಿಯಾಜ್ ಹೇಳಿಕೊಡುತ್ತಿದ್ದ, ಟಿಕೆಟ್ ಇಲ್ಲದ ಪ್ಯಾಸೆಂಜರ್ ಸಮೇತ.

ತಿಂಗಳವರೆಗೆ ಹೊಸಿಲು ದಾಟಬೇಡಿ ಎಂದಿದ್ದರು ಡಾಕ್ಟರು. ಇಪ್ಪತ್ತನೇ ದಿನಕ್ಕೇ ಕೋಲೂರಿಕೊಂಡು ಬಂದುಬಿಟ್ಟ. ಬಾಗಿಲಲ್ಲಿ ನಿಂತವನು ಅಭ್ಯಾಸಬಲದಿಂದ ತಲೆ ಎಣಿಸಿದ. ಮತ್ತೆ ಎಣಿಸಿದ.

"ಒಂದು ತಲೆ ಜಾಸ್ತಿ ಐತಲ್ಲಮ್ಮ. ಯಾರು ಟಿಕೆಟ್ ಇಲ್ದೆ ಹತ್ತಿರೋರು?"

ಅವನು ಬೆಂಚುಗಳ ನಡುವೆ ಒಂದೊಂದೇ ಹೆಜ್ಜೆ ಇಟ್ಟು ಬಂದ. ಮೊದಲ ಬೆಂಚಿನ ಹತ್ತಿರ ಬಂದು ನಿಂತ. ಕಿಟಕಿ ಪಕ್ಕ ಚಿಕ್ಕಮ್ಮ ತಲೆ ಬಗ್ಗಿಸಿಕೊಂಡು ಲೆಕ್ಕ ಮಾಡುತ್ತಿದ್ದಳು. ಅವನು ಕೋಲೂರಿ ಕುರ್ಚಿಯ ಕಡೆ ತಿರುಗಿದ. ಕುರ್ಚಿಯ ಮೇಲೆ ನೀಲಿ ಅಂಚಿನ ಟವೆಲ್, ಈ ನಡುವೆ ಅದೂ ಒಗೆದು ಮಡಿಯಾಗಿತ್ತು. ಟವೆಲ್ ಹಾಕಿದ ಸೀಟಿನಲ್ಲಿ ಜನ್ಮದಲ್ಲಿ ಕೂತವನಲ್ಲ, ಹಾಗೇ ನಿಂತ.

"ಇದು ಯಾರ ಸೀಟು?" ಎಂದ.

ಚಿಕ್ಕಮ್ಮ ಪುಸ್ತಕದಿಂದ ಕಣ್ಣೆತ್ತಲಿಲ್ಲ. "ನಿಮ್ದೇ ಕಣ್ರೀ. ಇನ್ಯಾರ್ದು? ಕೂತ್ಕಳಿ ಸುಮ್ನೆ, ಕ್ಲಾಸಿಗೆ ಹೊತ್ತಾಯ್ತು."

ಅವನು ಟವೆಲ್ ಕೈಗೆತ್ತಿಕೊಂಡು ಕೂತ. ಜೇಬಿನಿಂದ ಸೀಟಿ ತೆಗೆದು ಬಾಯಿಗಿಟ್ಟ. ಊದದೆ ಮೇಜಿನ ಮೇಲಿಟ್ಟ. ಆಮೇಲೆ ಆ ಟವೆಲ್ಲನ್ನು ಎರಡು ಕೈಯಲ್ಲಿ ಹಿಡಿದು, ನಾನು ಹುಟ್ಟಿದಾಗಿನಿಂದ ಒಂದು ದಿನವೂ ನೋಡದಿದ್ದ ಕೆಲಸ ಮಾಡಿದ. ಮುಖ ಒರೆಸಿಕೊಂಡ.