ಟೀವಿ ಇಲ್ಲದ ಡಬ್ಬ

ಚಳ್ಳಕೆರೆಯಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿದ್ದಷ್ಟು ಕಾಲ ನಗುವುದಕ್ಕೆ ನಾನು ಬೇರೆ ಕಡೆ ಹೋಗಬೇಕಾಗಿರಲಿಲ್ಲ. ಅಂಗಡಿಯ ಹಿಂದೆಯೇ ಮನೆ ಒಡತಿ ಅಜ್ಜಿ ಇದ್ದರು.

೧. ಹಂಚುವ ಕೆಲಸ

ಫೋನ್ ಲೈನ್ ಬಂದಿದ್ದು ಅಜ್ಜಿಯ ಪಡಸಾಲೆಗೆ. ಅಲ್ಲೇ ಒಂದು ಹಳೇ ಕಂಪ್ಯೂಟರ್ ಇಟ್ಟು, ಪುಕ್ಕಟೆ ಸಿಗುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ತುಂಬಿದೆ. ಇದ್ದೊಂದು ಲೈನನ್ನು ಅಂಗಡಿಯ ಕಂಪ್ಯೂಟರ್‌ಗಳಿಗೆಲ್ಲ ಹಂಚುವುದು ಅದರ ಕೆಲಸ. ಮಾನಿಟರ್, ಕೀಬೋರ್ಡ್ ಎರಡೂ ಬೇಡ.

"ಇದರ ಟೀವಿ ಎಲ್ಲಪ್ಪಾ?" ಅಂದರು ಅಜ್ಜಿ.

"ಟೀವಿ ಬ್ಯಾಡಜ್ಜಿ. ಸುಮ್ನೆ ಕೂತ್ಕೊಂಡೇ ಎಲ್ಲರಿಗೂ ನೆಟ್ ಹಂಚ್ತೈತೆ."

"ನಮ್ಮೆಜಮಾನ್ರೂ ಸುಮ್ನೆ ಕೂತಿರ್ತಾರೆ. ಏನು ಹಂಚ್ತಾರೋ ಕಾಣೆ."

೨. ಕಂಬಳಿ

ಬೇಸಿಗೆಯ ಒಂದು ಮಧ್ಯಾಹ್ನ ನೆಟ್ ನಿಂತಿತು. ಒಳಗೆ ಹೋಗಿ ನೋಡಿದರೆ ಡಬ್ಬದ ಮೇಲೆ ದಪ್ಪ ಕಂಬಳಿ. ಮುಟ್ಟಿದರೆ ಕೈ ಸುಡುತ್ತಿತ್ತು.

"ಅಜ್ಜಿ, ಯಾಕೆ ಹೊದಿಸಿದ್ರಿ?"

"ಗುಂಯ್ ಅಂತಿತ್ತು, ನಿದ್ದೆ ಬರ್ಲಿಲ್ಲ. ಅದೂ ಒಂಚೂರು ಮಲಗ್ಲಿ ಬಿಡಪ್ಪಾ."

೩. ಸೌಟು

ಪಿಯುಸಿ ರಿಸಲ್ಟಿನ ದಿನ ಬಂತು. ಅಜ್ಜಿಯ ಮೊಮ್ಮಗಳು ಗಣಿತಕ್ಕೆ ಎರಡನೇ ಸಲ ಕಟ್ಟಿದ್ದಳು. ಪಾಸಾದರೆ ಡಿಗ್ರಿ, ಇಲ್ಲವಾದರೆ ಮದುವೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪಾಪ, ಬೆಳಿಗ್ಗೆಯಿಂದ ದುಪಟ್ಟಾದ ತುದಿ ಕಚ್ಚುತ್ತಾ ಅಂಗಡಿಯಲ್ಲೇ ನಿಂತಿದ್ದಳು. ಅಷ್ಟರಲ್ಲಿ ಕರೆಂಟ್ ಹೋಯಿತು. ಬಂದಾಗ ಎಲ್ಲಾ ಕಂಪ್ಯೂಟರ್ ಎದ್ದವು, ನೆಟ್ ಮಾತ್ರ ಏಳಲಿಲ್ಲ. ಪಡಸಾಲೆಗೆ ಓಡಿದೆ. ಡಬ್ಬವೇ ಇಲ್ಲ!

"ಸದ್ದು ನಿಂತೋಯ್ತು, ಸತ್ತೋಯ್ತು ಅನ್ಕೊಂಡೆ," ಅಂದರು ಅಜ್ಜಿ. "ಹಳೇದಕ್ಕೆ ಸ್ಟೀಲ್ ಪಾತ್ರೆ ಕೊಡೋನು ಬಂದಿದ್ದ. ಟೀವಿ ಇಲ್ಲ ಅಂತ ಸೌಟು ಅಷ್ಟೇ ಕೊಟ್ಟ ನೋಡು."

ಬಸ್ ಸ್ಟ್ಯಾಂಡಿಗೆ ಓಡಿದೆ. ಪಾತ್ರೆಯವನು ಮೊಳಕಾಲ್ಮುರು ಬಸ್ಸಿನ ಮೇಲೆ ಬುಟ್ಟಿ ಏರಿಸುತ್ತಿದ್ದಾಗ ಸಿಕ್ಕಿದ. ದುಡ್ಡು ಕೊಡುತ್ತೇನೆಂದೆ.

"ದುಡ್ಡಿಗೆ ಯಾಪಾರ ಮಾಡಲ್ಲ ಸಾರ್. ಬಟ್ಟೆ ಐತಾ?"

"ಮೈಮೇಲಿರೋದೇ ಐತೆ."

ಅವನು ನನ್ನ ಅಂಗಿಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ನಡೀತೈತೆ."

ಬನಿಯನ್ನಿನಲ್ಲೇ ಡಬ್ಬ ಹೊತ್ತು ಪೇಟೆ ದಾಟಿದೆ. ಗುರುತಿದ್ದವರೆಲ್ಲ ಅವತ್ತೇ ಎದುರಾದರು. ತಂತಿ ಸಿಕ್ಕಿಸಿದೆ, ಮೋಡೆಮ್ ಕಿರುಚಿತು, ರಿಸಲ್ಟ್ ಇಂಚಿಂಚೇ ಇಳಿಯಿತು. ಪಾಸು! ಹುಡುಗಿ ಗೊಳೋ ಅಂತ ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

ಅಜ್ಜಿ ಪಾಯಸ ಮಾಡಿ ಹೊಸ ಸೌಟಿನಲ್ಲೇ ಬಡಿಸಿದರು. ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಬನಿಯನ್ನಿನಲ್ಲಿ ಕೂತಿದ್ದ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಸೌಟು ಗಟ್ಟಿ ಐತೆ ಕಣಪ್ಪಾ. ಅಂಥ ಡಬ್ಬ ಇನ್ನೊಂದು ಐತಾ?"