ವಯಸ್ಸಿಗೆ ತಕ್ಕ ಪ್ರಮಾಣ

ಕರಿಬಸಪ್ಪನವರ ಆ ಶನಿವಾರದ ಪಾಡಿಗೆಲ್ಲ ಕಾರಣ, ಹದಿನೈದು ದಿನದ ಹಿಂದೆ ಅವರೇ ಬರೆದ ಒಂದು ಸುತ್ತೋಲೆ.

ಲಿಂಗಸುಗೂರಿನಲ್ಲಿ ಅವರು ಶಾಲಾ ಬಿಸಿಯೂಟದ ಅಧಿಕಾರಿ. ಸಿಂಧನೂರಿನ ಕುರ್ಚಿ ಖಾಲಿ ಬಿದ್ದಿದ್ದರಿಂದ ಆ ಭಾರವೂ ಅವರ ಹೆಗಲಿಗೇ ಬಂದಿತ್ತು. ಮನುಷ್ಯ ಒಳ್ಳೆಯವರು, ಆದರೆ ನಿಯಮ ಎಂದರೆ ಪ್ರಾಣ. ಶಾಲೆಗೆ ಬಂದ ಅಧಿಕಾರಿಗಳು ಮುಖ್ಯ ಗುರುಗಳ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತು, ಖಾನಾವಳಿಯಿಂದ ತರಿಸಿದ ರೊಟ್ಟಿ ಎಣಗಾಯಿ ಹೊಡೆದು, ‘ಮಕ್ಕಳ ಊಟ ಉತ್ತಮವಾಗಿದೆ’ ಎಂದು ವಹಿಯಲ್ಲಿ ಸಹಿ ಹಾಕಿ ಹೋಗುವುದನ್ನು ಕಂಡು ಅವರ ಮೈ ಉರಿದಿತ್ತು. ಆ ಉರಿಯಲ್ಲೇ ಬರೆದರು: ‘ಶಾಲೆಗೆ ಭೇಟಿ ನೀಡುವ ಪ್ರತಿಯೊಬ್ಬ ಅಧಿಕಾರಿಯೂ ಮಕ್ಕಳ ಸಾಲಿನಲ್ಲಿ ಕುಳಿತು, ವಯಸ್ಸಿಗೆ ತಕ್ಕ ಪೂರ್ಣ ಪ್ರಮಾಣವನ್ನು ಉಣ್ಣತಕ್ಕದ್ದು. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡತಕ್ಕದ್ದಲ್ಲ. ಖಾಲಿ ತಟ್ಟೆಯ ಫೋಟೊ ಕಡ್ಡಾಯ.’

ಬರೆದದ್ದನ್ನು ಎರಡು ಸಲ ಓದಿಕೊಂಡು ತಮ್ಮಷ್ಟಕ್ಕೆ ತಾವೇ ತಲೆದೂಗಿದ್ದರು. ಉಣ್ಣಬೇಕಾದ ಅಧಿಕಾರಿಗಳಲ್ಲಿ ತಾವೂ ಒಬ್ಬರು ಎಂಬುದು ಆಗ ತಲೆಗೆ ಹೊಳೆದಿರಲಿಲ್ಲ.

ಶನಿವಾರ ಬೆಳಿಗ್ಗೆ ಜೀಪು ಹತ್ತುವ ಹೊತ್ತಿಗೆ ಮಸ್ಕಿಯಿಂದ ಹೆಂಡತಿ ಭುವನೇಶ್ವರಿಯ ಫೋನು ಬಂತು. ಎರಡು ದಿನದ ಹಿಂದೆಯೇ ಅವಳು ತವರಿಗೆ ಹೋಗಿದ್ದಳು.

“ನೆನಪೈತಿಲ್ರಿ? ಸಂಜಿಕಿ ಅವ್ವನ ಮನ್ಯಾಗ ಊಟ. ಹೊಟ್ಟಿ ಖಾಲಿ ಇಟ್ಕೊಂಡು ಬರ್ರಿ. ಈ ಸಲಾನೂ ಹೋಳಿಗಿ ಬಿಟ್ರಿ ಅಂದ್ರ ನಾ ಇಲ್ಲೇ ಉಳಿತೀನಿ ನೋಡ್ರಿ!”

ಹೋದ ವರ್ಷ ಊಟದ ನಡುವೆ ಆಫೀಸಿನ ಫೋನು ಬಂತೆಂದು ಕರಿಬಸಪ್ಪ ಅರ್ಧ ಹೋಳಿಗೆ ತಟ್ಟೆಯಲ್ಲೇ ಬಿಟ್ಟು ಎದ್ದಿದ್ದರು. ಅಂದಿನಿಂದ ಅತ್ತೆ ಸಂಗಮ್ಮ ಅಳಿಯನೊಡನೆ ನೇರ ಮಾತು ನಿಲ್ಲಿಸಿದ್ದರು. ಹೇಳುವುದಿದ್ದರೆ ಮಗಳಿಗೆ ಹೇಳುವರು, ಮಗಳು ಇಲ್ಲದಿದ್ದರೆ ಗೋಡೆಗೆ. ಅತ್ತೆಯ ಬಾಯಲ್ಲಿ ಒಂದು ಸಲ ‘ಅಳಿಯಾರ’ ಎನ್ನಿಸಿಕೊಳ್ಳಲು ಕರಿಬಸಪ್ಪನವರ ಜೀವ ಹಾತೊರೆಯುತ್ತಿತ್ತು. ಇವತ್ತು ನಾಲ್ಕು ಹೋಳಿಗೆ ಉಂಡೇ ತೀರುವುದೆಂದು ಅವರು ನಿರ್ಧಾರ ಮಾಡಿದ್ದರು.

ಆದರೆ ಜಿಲ್ಲೆಯ ದೊಡ್ಡ ಸಾಹೇಬರು ಅಂದೇ ಸಂಜೆಯೊಳಗೆ ಮೂರು ಶಾಲೆಗಳ ವರದಿ ಕೇಳಿದ್ದರು.

ಮೊದಲನೆಯದು ಗುರುಗುಂಟಾದ ಕಡೆಯ ಶಾಲೆ. ಶನಿವಾರದ ಬೆಳಗಿನ ಶಾಲೆಯಾದ್ದರಿಂದ ಹನ್ನೊಂದಕ್ಕೇ ಮಕ್ಕಳು ತಟ್ಟೆ ಹಿಡಿದು ಕೂತಿದ್ದರು. ಮುಖ್ಯ ಗುರು ಪಂಪಾಪತಿ ಬಾಗಿಲಲ್ಲೇ ನಿಂತಿದ್ದ. ಬೇಳೆ ಐದು ಗ್ರಾಂ ಕಡಿಮೆ ಬಿತ್ತೆಂದು ಹೋದ ತಿಂಗಳು ಇದೇ ಕರಿಬಸಪ್ಪ ಅವನಿಗೆ ನೋಟೀಸು ಕೊಟ್ಟಿದ್ದರು. ಇವತ್ತು ಅವನ ಮುಖದಲ್ಲಿ ಮದುವೆ ಮನೆಯ ಕಳೆ ಇತ್ತು.

“ಬರ್ರಿ ಸಾಹೇಬ್ರ, ನಿಮ್ಮ ಸಲುವಾಗಿನ ಕಾಯಾಕತ್ತೀವಿ. ತತ್ತಿ ಬೇಕೋ, ಬಾಳಿಹಣ್ಣೋ?”

“ಬಾಳಿಹಣ್ಣು ಸಾಕ್ರಿ. ಬಿಸಿಬ್ಯಾಳಿಬಾತು ಒಂದೀಟು ಬಡಸ್ರಿ.”

“ಒಂದೀಟು ಹ್ಯಾಂಗ್ರಿ? ವಯಸ್ಸಿಗೆ ತಕ್ಕ ಪ್ರಮಾಣ ಅಂತ ನೀವ ಬರದೀರಲ್ಲ!” ಪಂಪಾಪತಿ ಗಣಿತದ ಮೇಷ್ಟ್ರು. ಜೇಬಿನಿಂದ ಚೀಟಿ ತೆಗೆದ. “ಹತ್ತು ವರ್ಷದ ಹುಡುಗಗ ನೂರು ಗ್ರಾಂ ಅಕ್ಕಿ. ನಿಮಗ ಐವತ್ತೆರಡು. ಅಂದ್ರ ಐನೂರಾ ಇಪ್ಪತ್ತು ಗ್ರಾಂ ಆತ್ರಿ.”

ಕರಿಬಸಪ್ಪ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡರು. “ಏ, ಅದು ಬೆಳೆಯೋ ಮಕ್ಕಳ ಲೆಕ್ಕ ಮಾರಾಯ!”

“ಸುತ್ತೋಲ್ಯಾಗ ಬೆಳಿಯೋರು ಅಂತ ಎಲ್ಲೈತ್ರಿ?”

ನೂರಿಪ್ಪತ್ತು ಮಕ್ಕಳು ಬಾಯಿ ಬಿಟ್ಟು ನೋಡುತ್ತಿರುವಾಗ, ಇಬ್ಬರೂ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವವರ ಹಾಗೆ ಎಳೆದಾಡಿ, ಕೊನೆಗೆ ಇನ್ನೂರು ಗ್ರಾಮಿಗೆ ಇಳಿದರು. ಇನ್ನೂರು ಗ್ರಾಂ ಅಕ್ಕಿ ಬೆಂದು, ಬೇಳೆ ತರಕಾರಿ ಕೂಡಿ ತಟ್ಟೆಗೆ ಬಂದಾಗ ಸಣ್ಣ ಗುಡ್ಡವಾಗಿತ್ತು. ಕರಿಬಸಪ್ಪ ಬೆಲ್ಟು ಒಂದು ತೂತು ಸಡಿಲಿಸಿ ಗುಡ್ಡ ಕರಗಿಸಿದರು. ಪಂಪಾಪತಿ ಖಾಲಿ ತಟ್ಟೆಯ ಫೋಟೊ ತೆಗೆದು, ‘ಸಾಹೇಬರ ಪ್ರಮಾಣ: ಇನ್ನೂರು ಗ್ರಾಂ’ ಎಂದು ಬರೆದು ಎಲ್ಲ ಮುಖ್ಯ ಗುರುಗಳ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ.

ಜೀಪಿನಲ್ಲಿ ಡ್ರೈವರ್ ದಾದೇಸಾಬ ಮಂಡಕ್ಕಿ ವಗ್ಗರಣಿ, ಮಿರ್ಚಿ ತಿಂದು ಕೈ ಒರೆಸಿಕೊಳ್ಳುತ್ತಿದ್ದ.

“ಮುಂದಿನ ಸಾಲ್ಯಾಗ ನನ್ನ ಜೋಡಿ ನೀನೂ ಕುಂದ್ರಬೇಕು ನೋಡು, ದಾದೇಸಾಬ.”

“ನಾ ಅಧಿಕಾರಿ ಅಲ್ರಿ ಸಾಹೇಬ್ರ. ನನಗ ಆ ನಿಯಮ ಹತ್ತಂಗಿಲ್ಲ,” ಎಂದು ಅವನು ವಿನಯದಿಂದ ಗಾಡಿ ಶುರು ಮಾಡಿದ.

ಎರಡನೆಯ ಶಾಲೆ ಲಿಂಗಸುಗೂರಿನ ಹೊರವಲಯದ್ದು, ಅಲ್ಲಿ ಊಟ ಹನ್ನೆರಡಕ್ಕೆ. ಅಲ್ಲಿನ ಮುಖ್ಯ ಗುರು ಭಾರತಿ ಮೇಡಂ ವಾಟ್ಸಾಪ್ ನೋಡಿಕೊಂಡೇ ಇನ್ನೂರು ಗ್ರಾಂ ತೂಗಿಸಿ ಇಟ್ಟಿದ್ದರು. ಚೌಕಾಸಿಗೆ ಜಾಗವೇ ಇರಲಿಲ್ಲ. ಕರಿಬಸಪ್ಪ ಒಂದೊಂದೇ ತುತ್ತು ಕೆಳಗಿಳಿಸುತ್ತಿದ್ದಾಗ ಪಕ್ಕದಲ್ಲಿ ಕೂತ ಎರಡು ಜಡೆಯ ಹುಡುಗಿ ಅವರ ತೋಳು ಜಗ್ಗಿದಳು.

“ಸರ್, ನೀವು ದಿನಾ ಬರ್ರಿ. ಇವತ್ತು ಬ್ಯಾಳಿ ಭಾಳ ಗಟ್ಟಿ ಐತಿ.”

ಆ ಮಾತು ಕೇಳಿ ಕರಿಬಸಪ್ಪನವರ ಎದೆ ತುಂಬಿ ಬಂತು. ಹೊಟ್ಟೆ ಮೊದಲೇ ತುಂಬಿತ್ತು. ತಾವು ಬರೆದದ್ದು ತಪ್ಪಲ್ಲ, ಅಧಿಕಾರಿ ಉಂಡರೆ ಮಕ್ಕಳಿಗೆ ನೆಟ್ಟಗೆ ಬೀಳುತ್ತದೆ ಎಂದು ಸಮಾಧಾನವಾಯಿತು. ಅದೇ ಸಮಾಧಾನದಲ್ಲಿ ಬಾಳೆಹಣ್ಣನ್ನೂ ನುಂಗಿ ಬೆಲ್ಟಿನ ಎರಡನೆಯ ತೂತು ಬಿಟ್ಟರು.

ಮೂರನೆಯದು ಸಿಂಧನೂರಿನ ಆಚೆ, ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ. ಅಲ್ಲಿ ಮುಟ್ಟುವಷ್ಟರಲ್ಲಿ ಊಟ ಮುಗಿದಿರಲಿ ಎಂದು ಕರಿಬಸಪ್ಪ ದಾರಿಯುದ್ದಕ್ಕೂ ಬಸವಣ್ಣನಿಗೆ ಹರಕೆ ಹೊತ್ತರು. ಆದರೆ ಅಂದು ಸಿಲಿಂಡರ್ ಬರುವುದು ತಡವಾಗಿ, ಎರಡು ಗಂಟೆಗೆ ಆಗಷ್ಟೇ ಅಡುಗೆ ಒಲೆಯಿಂದ ಇಳಿದಿತ್ತು. ಅಡುಗೆಯ ಮಾಲತಿ ಬಂಗಾಲಿ ಮನೆತನದವಳು. ಹುಟ್ಟಿ ಬೆಳೆದದ್ದೆಲ್ಲ ಕ್ಯಾಂಪಿನ ಗದ್ದೆಗಳ ನಡುವೆ. ಇನ್ನೂರು ಗ್ರಾಂ ಬಡಿಸಿದಳು. ಕರಿಬಸಪ್ಪ ಕಣ್ಣು ಮುಚ್ಚಿ ಉಂಡರು. ಕಣ್ಣು ಬಿಟ್ಟರೆ ಮತ್ತೊಂದು ಸವುಟು ತಟ್ಟೆಯ ಮೇಲೆ ತೂಗುತ್ತಿತ್ತು.

“ಬ್ಯಾಡವ್ವಾ! ಪ್ರಮಾಣ ಮುಗೀತು!”

“ನಮ್ಮಾಗ ಬಂದವರಿಗೆ ಒಂದ ಸಲ ಬಡಸಿ ಬಿಡಬಾರದ್ರಿ ಸರ್, ಅದು ಶುಭ ಅಲ್ಲ,” ಎಂದು ಮಾಲತಿ ಸವುಟನ್ನು ಬೋರಲು ಹಾಕಿದಳು.

ತಟ್ಟೆಯಲ್ಲಿ ಬಿದ್ದ ಮೇಲೆ ಬಿಡುವಂತಿಲ್ಲ. ಮೂರನೆಯ ತೂತಿನ ಆಚೆ ಬೆಲ್ಟಿನಲ್ಲಿ ತೂತೇ ಇರಲಿಲ್ಲ. ಕರಿಬಸಪ್ಪ ಬೆಲ್ಟನ್ನೇ ಬಿಚ್ಚಿ ದಾದೇಸಾಬನ ಕೈಗೆ ಕೊಟ್ಟು, ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿ, ಮಲಗಿದಲ್ಲಿಂದಲೇ ಮೂರು ವರದಿಗಳನ್ನೂ ಫೋಟೊಗಳನ್ನೂ ಜಿಲ್ಲೆಗೆ ಕಳಿಸಿದರು.

ಮಸ್ಕಿಯಲ್ಲಿ ಮನೆಯೆಲ್ಲ ಏಲಕ್ಕಿ, ತುಪ್ಪದ ವಾಸನೆ. ಬೇರೆ ದಿನವಾಗಿದ್ದರೆ ಬಾಯಲ್ಲಿ ನೀರೂರುತ್ತಿತ್ತು, ಇವತ್ತು ಕಣ್ಣಲ್ಲಿ ಊರಿತು. ಸಂಗಮ್ಮ ತಟ್ಟೆ ಇಟ್ಟು ಎದುರಿಗೇ ಕೂತರು. “ಭುವನಾ, ನಿನ ಗಂಡಗ ಹೇಳು, ಹೂರಣ ನಾನ ಕೈಯಾರೆ ರುಬ್ಬೀನಿ ಅಂತ.”

ಕರಿಬಸಪ್ಪ ಹಲ್ಲು ಕಚ್ಚಿ ಮೊದಲನೆಯದನ್ನು ಮುಗಿಸಿದರು. ಎರಡನೆಯದಕ್ಕೆ ಹಣೆಯಲ್ಲಿ ಬೆವರೊಡೆಯಿತು. ಮೂರನೆಯದಕ್ಕೆ ಉಸಿರು ಮೇಲೇ ನಿಂತಿತು. ನಾಲ್ಕನೆಯದರ ಕೊನೆಯ ತುಣುಕು ಗಂಟಲು ದಾಟಿದಾಗ ಅತ್ತೆಯ ಮುಖದಲ್ಲಿ ವರ್ಷದ ಮೇಲೆ ಒಂದು ನಗೆ ಮೂಡಿತು. ಬಾಯಿ ತೆರೆದು ಇನ್ನೇನು ‘ಅಳಿಯಾರ’ ಎನ್ನಬೇಕು, ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ದೊಡ್ಡ ಸಾಹೇಬರು! ಕರಿಬಸಪ್ಪನವರ ಕೈಯೆಲ್ಲ ತುಪ್ಪ. ಈ ಸಲ ಏಳುವ ಮಾತೇ ಇಲ್ಲ. ಭುವನೇಶ್ವರಿ ಫೋನನ್ನು ಸ್ಪೀಕರಿಗೆ ಹಾಕಿ ತಟ್ಟೆಯ ಪಕ್ಕ ಇಟ್ಟಳು.

“ಏನ್ರಿ ಕರಿಬಸಪ್ಪ ಇದು? ಒಂದ ದಿನ, ಮೂರು ಸಾಲ್ಯಾಗ ಊಟ, ಆರುನೂರು ಗ್ರಾಂ ಅಕ್ಕಿ! ಮನಷ್ಯಾ ಉಣ್ಣೋ ಮಾತೇನ್ರಿ? ಖಾಲಿ ತಟ್ಟಿ ಫೋಟೊ ಯಾರು ಬೇಕಾದ್ರೂ ತಗೀತಾರ. ಸುಳ್ಳು ವರದಿ ಅಂತ ನೋಟೀಸು ಕೊಡಬೇಕಾಗ್ತೈತಿ ನೋಡ್ರಿ!”

ಕರಿಬಸಪ್ಪನವರಿಗೆ ಬಾಯಿ ತೆರೆಯಲು ಧೈರ್ಯವಾಗಲಿಲ್ಲ. ತೆರೆದರೆ ಏನು ಹೊರಬರುವುದೋ ಹೇಳಲಾಗದು. ಸಂಗಮ್ಮ ಮಾತ್ರ ಬೆರಗಾಗಿ ಅಳಿಯನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮೂರು ಊಟದ ಮೇಲೆ ನಾಲ್ಕು ಹೋಳಿಗೆ! ಫೋನನ್ನು ಎತ್ತಿಕೊಂಡೇಬಿಟ್ಟರು.

“ಯಾರ್ರೀ ನೀವು? ನಮ್ಮ ಅಳಿಯಾರು ಸುಳ್ಳು ಹೇಳಂಗಿಲ್ಲ. ಆ ಮೂರು ಊಟದ ಮ್ಯಾಲ ನನ್ನ ಕೈಲೆ ನಾಕು ಹೋಳಿಗಿ ಉಂಡಾರ, ನಾ ಎಣಿಸೀನಿ! ನಂಬಿಕಿ ಇಲ್ಲಂದ್ರ ಬರೋ ಶನಿವಾರ ಬರ್ರಿ. ಅವರ ಜೋಡಿ ಮೂರೂ ಸಾಲಿಗಿ ಹೋಗಿ, ಸಂಜಿಕಿ ಇಲ್ಲಿ ಕುಂತು ಕಣ್ಣಾರೆ ನೋಡ್ರಿ!”



“ಆತ್ರಿ ಅವ್ವಾರ, ಬರ್ತೀನಿ,” ಎಂದರು ಸಾಹೇಬರು. “ಆದ್ರ ನನಗ ಸಕ್ಕರಿ ಕಾಯಿಲಿ ಐತ್ರಿ, ನಾ ಬರೇ ನೋಡಾಂವ. ಸುತ್ತೋಲಿ ಪ್ರಕಾರ ಅಧಿಕಾರಿ ಪಾಲು ಬಿಡಂಗಿಲ್ಲಲ್ರಿ, ನನ್ನದೂ ಕರಿಬಸಪ್ಪಗ ಬಡಸಿಬಿಡ್ರಿ.”

ಸಂಗಮ್ಮ ಫೋನು ಕೆಳಗಿಟ್ಟರು. ಕಣ್ಣಂಚು ಒರೆಸಿಕೊಂಡು, ಮಗಳ ಕಡೆ ನೋಡದೆ, ಗೋಡೆಯ ಕಡೆಯೂ ನೋಡದೆ, ನೇರ ಕರಿಬಸಪ್ಪನವರ ಮುಖ ನೋಡಿದರು.

“ಅಳಿಯಾರ,” ಎಂದರು ಅಕ್ಕರೆಯಿಂದ, “ಶನಿವಾರಕ್ಕ ಈಗಿಂದನ ರೂಢಿ ಇರ್ಲಿ.” ಮತ್ತು ಐದನೆಯ ಹೋಳಿಗೆಯನ್ನು ತಟ್ಟೆಗಿಟ್ಟು, ಮೇಲೆ ತುಪ್ಪ ಸುರಿದರು.