ಎಡಗಡೆ ಸ್ಟಿಯರಿಂಗಿನ ನಮ್ಮ ಉದ್ದ ಗಾಡಿ

ಈ ಗಾಡಿಯನ್ನು ಹೊರಗೆ ತೆಗೆದು, ಏನೂ ಆಗದೆ ಮನೆಗೆ ಮರಳಿದ ದಿನ ನನಗಂತೂ ನೆನಪಿಲ್ಲ. ತೊಂಬತ್ತರ ದಶಕದಲ್ಲಿ ಕೊಲ್ಲಿ ದೇಶದಿಂದ ವಾಪಸಾದ ನನ್ನ ಅಣ್ಣ, ಅಲ್ಲಿಂದ ತಂದಿದ್ದ ಹಳೆಯ ಡೀಸೆಲ್ ಸ್ಟೇಷನ್ ವ್ಯಾಗನ್ನನ್ನು ನನಗೆ ಕೊಟ್ಟ. ಸ್ಟಿಯರಿಂಗ್ ಎಡಗಡೆ, ಹಿಂದೆ ಮೇಲಕ್ಕೆತ್ತುವ ಬಾಗಿಲು, ಉದ್ದ ನಮ್ಮ ಪಡಸಾಲೆಯಷ್ಟು. ಕಲಬುರಗಿಯಿಂದ ಕಮಲಾಪುರದ ಕಾಲೇಜಿಗೆ ಪಾಠ ಮಾಡಲು ಹೋಗುವ ನನಗೆ ಬಸ್ಸಿನ ಕಾಟ ತಪ್ಪಿತು. ನಮ್ಮ ಮನೆಯವರು, ಎಂದರೆ ನನ್ನ ಗಂಡ, ಮಾತ್ರ ಮೊದಲ ದಿನದಿಂದಲೂ ಮಾರಿಬಿಡು ಎನ್ನುತ್ತಿದ್ದರು.

ಗಂಜಿನಲ್ಲಿ

ಐದು ಕಿಲೋ ತೊಗರಿಬೇಳೆಗೆಂದು ನೆಹರು ಗಂಜಿನ ಧಾನ್ಯಪೇಟೆಗೆ ಹೋಗಿ, ಹಿಂದಿನ ಬಾಗಿಲು ಎತ್ತಿಟ್ಟು ಅಂಗಡಿಯೊಳಗೆ ಹೋದೆ. ಬರುವಷ್ಟರಲ್ಲಿ ಇಬ್ಬರು ಹಮಾಲರು ಯಾರದೋ ಆರು ಚೀಲ ತೊಗರಿ ಹೇರಿ ಬೆವರು ಒರೆಸಿಕೊಳ್ಳುತ್ತಿದ್ದರು. ಹಿಂದಿನ ಬಾಗಿಲು ತೆರೆದಿದೆ ಎಂದರೆ ಬಾಡಿಗೆ ಗಾಡಿಯೇ, ಅದು ಅಲ್ಲಿನ ತಿಳಿವಳಿಕೆ. ಇಳಿಸಿ ಎಂದರೆ ಹಿರಿಯ ಹಮಾಲ ಸಮಾಧಾನದಿಂದ, "ನಂದೂರ ದಾಲ್ ಮಿಲ್ಲಿಗೆ ಒಂದ್ ಟ್ರಿಪ್ ಬಿಟ್ಟು ಬರ್ರಿ ಅಕ್ಕಾರ, ಇಳಸಾಕ ಅಲ್ಲಿ ಮಂದಿ ಅದಾರ" ಎಂದ.

ಬಿಟ್ಟು ಬಂದೆ. ಮಿಲ್ಲಿನವರು ಚೀಟಿಗೆ ನನ್ನ ಸಹಿ ಹಾಕಿಸಿಕೊಂಡು, ನಾಳೆ ಇಷ್ಟು ತಡ ಮಾಡಬೇಡಿ ಎಂದರು.

ಅತ್ತೆಯ ನಿದ್ದೆ

ಒಮ್ಮೆ ಅತ್ತೆಯವರನ್ನು ಬಲಗಡೆ ಕೂಡಿಸಿಕೊಂಡು ಕಮಲಾಪುರಕ್ಕೆ ಹೊರಟೆ. ಊರು ದಾಟುವುದರೊಳಗೆ ಅವರು ಬಾಯಿ ತೆರೆದು ನಿದ್ದೆಹೋದರು. ಡ್ರೈವರ್ ಇರಬೇಕಾದ ಜಾಗದಲ್ಲಿ ಎಪ್ಪತ್ತರ ಮುದುಕಿ ಮಲಗಿರುವುದನ್ನು ಕಂಡ ಎದುರಿನ ಬಸ್ಸಿನವನು ಹಾರ್ನ್ ಒತ್ತುತ್ತಲೇ ಬಸ್ಸನ್ನು ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿ, ಕೈಮುಗಿದ. ಎಚ್ಚರಾದ ಅತ್ತೆ, ಭಾಳ ಸಂಸ್ಕಾರ ಇದ್ದಂವ ಎನ್ನುತ್ತ ತಾವೂ ಎರಡೂ ಕೈ ಎತ್ತಿ ಮುಗಿದರು.

ಬಸ್ಸಿನೊಳಗೆ ಎಲ್ಲರೂ ಒಟ್ಟಿಗೆ ಚೀರಿದ್ದು ನನಗೂ ಕೇಳಿಸಿತು.

ಗಿರಾಕಿ

ಆ ಸುದ್ದಿ ಮನೆ ಮುಟ್ಟಿದ ಮೇಲೆ ಮನೆಯವರು ತಾವೇ ಗಿರಾಕಿ ಹುಡುಕಿದರು: ಕಮಲಾಪುರದಲ್ಲಿ ಕೆಂಪು ಬಾಳೆ ತೋಟವಿದ್ದ ಸಾಹುಕಾರರು. ಗಾಡಿ ಹೋದರೆ ನನಗೆ ಮತ್ತೆ ಬಸ್ಸಿನ ಫುಟ್‌ಬೋರ್ಡೇ ಗತಿ. ಆದರೂ ಸಾಹುಕಾರರನ್ನು ಬಲಗಡೆ, ಅವರ ಹೆಂಡತಿಯನ್ನು ಹಿಂದೆ ಕೂಡಿಸಿ ಊರೊಳಗೆ ಒಂದು ಸುತ್ತು ಹಾಕಿದೆ. ಬಸ್ ಸ್ಟ್ಯಾಂಡಿನಲ್ಲಿದ್ದ ಜನ, ಸಾಹುಕಾರರು ಗಾಡಿ ಹೊಡೆಯುವುದು ಯಾವಾಗ ಕಲಿತರು ಎಂದು ಬೆರಗಾಗಿ ನಿಂತರು. ಅವರ ಮೀಸೆಯ ಗತ್ತು ನೋಡಿ, ಗಾಡಿ ಹೋಯಿತು ಎಂದುಕೊಂಡೆ.

ತೋಟಕ್ಕೆ ಮರಳಿ ಇಳಿದ ಸಾಹುಕಾರರು, ಗಾಡಿಯನ್ನು ಎರಡು ಸಲ ಸುತ್ತಿ ಬೇಡ ಎಂದರು. ಅಲ್ಲೇ ಕಾಯುತ್ತಿದ್ದ ನಮ್ಮ ಮನೆಯವರು ಕಾರಣ ಕೇಳಿದರು.

"ಕೊಂಡ್ರ ನಾ ಎಡಕ್ಕ ಕುಂತು ಹೊಡೀಬೇಕು, ಈಕಿ ಬಲಕ್ಕ ಕುಂಡ್ರತಾಳ. ನೋಡಿದವ್ರು ಗಾಡಿ ಈಕಿನೇ ಹೊಡೀತಾಳ ಅಂತಾರ್ರೀ."

ಸಾಹುಕಾರರ ಹೆಂಡತಿ ಹಿಂದಿನ ಸೀಟಿನಿಂದಲೇ, "ಅದಕ್ಕೇ ತಗೋರಿ ಅಂತೀನಿ" ಎಂದರು.

ಗಾಡಿ ನನಗೇ ಉಳಿಯಿತು. ಆಕೆಯನ್ನು ಅದರಿಂದ ಇಳಿಸಲು ಮಾತ್ರ ಅರ್ಧ ತಾಸು ಹಿಡಿಯಿತು.